ಆಯುಧಪೂಜೆಗೆ ಹೋದ ದನಿ

ಧ್ವನಿಪೆಟ್ಟಿಗೆ ತೆಗೆಸಿಕೊಳ್ಳುವ ಮೊದಲು ಒಬ್ಬ ತಾಯಿ ಏನೇನು ಮಾತಾಡಿ ಇಟ್ಟುಕೊಳ್ಳಬೇಕು? ಇಂಟರ್ನೆಟ್ಟಿನಲ್ಲಿ ಹುಡುಕಿದೆ. ‘ನನಗೆ ನೋವಾಗುತ್ತಿದೆ’, ‘ದಯವಿಟ್ಟು ನೀರು ಕೊಡಿ’, ‘ವೈದ್ಯರನ್ನು ಕರೆಯಿರಿ’ ಅಂತ ಒಂದಷ್ಟು ವಾಕ್ಯ ಸಿಕ್ಕವು. ಅವನ್ನೇ ಪ್ರಿಂಟ್ ಹಾಕಿಸಿಕೊಂಡು ಮಡಕಶಿರಾ ಕಡೆಯ ಗುಡಿಬಂಡೆ ಹತ್ತಿರದ ಹಳ್ಳಿಗೆ ಹೋದೆ. ಆ ತಾಯಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಮುಖ ಸೊಟ್ಟ ಮಾಡಿದಳು.

“ನೋವಾದ್ರೆ ಯಾರಿಗಮ್ಮ ಏಳ್ಲಿ, ಮಗಳಿಗಾ? ಅದು ಎದುರ್ಕೊಳ್ತದೆ. ಇವೆಲ್ಲ ಬ್ಯಾಡ, ತೆಗ್ದಾಕು.”

ಆಗಲೇ ಆಕೆಯ ದನಿ ಸೀಳಿ ಹೋಗಿತ್ತು. ಮರದ ಮೇಲೆ ಗರಗಸ ಎಳೆದ ಹಾಗೆ. ವರ್ಷಗಟ್ಟಲೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ್ದಳು. ಗಂಟಲಲ್ಲಿ ಗಂಟು, ಕ್ಯಾನ್ಸರ್, ಆಪರೇಷನ್ ಮಾಡಲೇಬೇಕು, ಆಮೇಲೆ ದನಿ ಇರುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ದನಿ ಹೋದವರು ಸನ್ನೆ ಮಾಡುತ್ತಾರೆ, ಬರೆದು ತೋರಿಸುತ್ತಾರೆ. ಆದರೆ ಈಕೆಗೆ ಇದ್ದ ಒಬ್ಬಳೇ ಮಗಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಆ ಹುಡುಗಿಗೆ ಅಮ್ಮ ಅಂದರೆ ಒಂದು ದನಿ ಮತ್ತು ಎರಡು ಕೈ. ಅದರಲ್ಲಿ ದನಿ ಹೋಗುವುದರಲ್ಲಿತ್ತು.

ಇದರಲ್ಲಿ ನಾನು ಯಾಕೆ ಬಂದೆ ಅಂದರೆ, ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಒಂದು ಮನೆತನದ ಟ್ರಸ್ಟಿನಲ್ಲಿ ನಾನು ಕೆಲಸ ಮಾಡುತ್ತೇನೆ. ತೀರಿಕೊಂಡ ದೊಡ್ಡ ಯಜಮಾನರ ಹೆಸರಿನಲ್ಲಿ ಮನೆಯವರು ಮಾಡಿದ ಟ್ರಸ್ಟು. ಸುತ್ತಮುತ್ತಲ ಸಣ್ಣ ಸಣ್ಣ ಸಂಸ್ಥೆಗಳಿಗೆ ಕಂಪ್ಯೂಟರ್, ಟ್ಯಾಬ್, ಸಾಫ್ಟ್‌ವೇರ್ ಕೊಡಿಸುವುದು, ಅವು ನಡೆಯುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಮಡಕಶಿರಾದಲ್ಲಿ ಕಣ್ಣು ಕಾಣದ ಮಕ್ಕಳ ಹಗಲು ಕೇಂದ್ರವೊಂದಿದೆ. ಅಲ್ಲಿಗೆ ಓದಿ ಹೇಳುವ ಟ್ಯಾಬ್‌ಗಳನ್ನು ಕೊಟ್ಟಿದ್ದೆವು. ಈ ಹುಡುಗಿ ಅಲ್ಲಿಗೆ ಬರುತ್ತಿದ್ದಳು. ಕೇಂದ್ರ ನಡೆಸುವ ಮೇಡಂ ನನಗೆ ಫೋನ್ ಮಾಡಿ, “ಮಕ್ಕಳಿಗೆ ಕೊಟ್ರಲ್ಲ, ಒಬ್ಬಳು ತಾಯಿಗೂ ಒಂದು ಕೊಡೋಕಾಗ್ತದಾ?” ಅಂದರು. ಅಲ್ಲಿಂದ ಶುರು.

ಯೋಜನೆ ಸರಳವಾಗಿತ್ತು. ಟ್ಯಾಬಿನ ಪರದೆ ಮೇಲೆ ಚಿತ್ರಗಳು. ತಾಯಿ ಚಿತ್ರ ಒತ್ತಿದರೆ, ಅವಳದೇ ದನಿಯಲ್ಲಿ ಒಂದು ಮಾತು ಹೊರಗೆ ಬರಬೇಕು. ಅವಳಿಗೆ ಓದು ಅಷ್ಟಕ್ಕಷ್ಟೇ, ಆದ್ದರಿಂದ ಚಿತ್ರಗಳು ಅವಳ ಮನೆಯವೇ ಇರಲಿ ಅಂತ ಒಲೆ, ಚಪ್ಪಲಿ, ಚಾಪೆ, ಬಾಗಿಲು ಎಲ್ಲದರ ಫೋಟೊ ತೆಗೆದೆ. ಕುತ್ತಿಗೆಗೆ ನೇತುಹಾಕಿಕೊಳ್ಳಲು ನಮ್ಮ ಹೊಲಿಗೆ ಯೂನಿಟ್ಟಿನಲ್ಲೇ ಜೀನ್ಸ್ ತುಂಡಿನಿಂದ ಚೀಲ ಹೊಲಿಸಿದೆ.

ಮಾತುಗಳನ್ನು ಅವಳೇ ಆರಿಸಿದಳು. ‘ಚಪ್ಪಲಿ ಮೆಟ್ಕೊ, ಮುಳ್ಳೈತೆ.’ ‘ಒಲೆ ಬಿಸಿ ಐತೆ, ಇತ್ಲಾಗೆ ಬಾ.’ ‘ಯಾರೋ ಹೊಸಬ್ರು ಬಂದವ್ರೆ, ನಮಸ್ಕಾರ ಮಾಡು.’ ‘ತಲೆ ಬಾಚ್ತೀನಿ, ಅಲ್ಲಾಡ್ಬ್ಯಾಡ.’ ಎಲ್ಲದಕ್ಕಿಂತ ಹೆಚ್ಚು ಸಲ ರೆಕಾರ್ಡ್ ಮಾಡಿಸಿದ್ದು ‘ಇಲ್ಲೇ ಇದೀನಿ’ ಅನ್ನುವುದನ್ನು. ಹತ್ತಿರದಿಂದ ಅನ್ನುವುದು ಒಂದು, ಹಿತ್ತಲಿಂದ ಕೂಗಿ ಅನ್ನುವುದು ಇನ್ನೊಂದು, ನಿದ್ದೆಗಣ್ಣಲ್ಲಿ ಅನ್ನುವುದು ಮತ್ತೊಂದು. ಕಣ್ಣಿಲ್ಲದ ಮಗು ದಿನಕ್ಕೆ ಎಷ್ಟು ಸಲ “ಅಮ್ಮಾ?” ಅನ್ನುತ್ತದೋ ಅಷ್ಟು ಸಲ ಆ ಉತ್ತರ ಬೇಕು. ಅದು ನನಗೆ ಹೊಳೆದಿರಲಿಲ್ಲ.

ಇನ್ನು ಬೈಗುಳ. ನಾನು ಬೇಡ ಅಂದೆ. ಟ್ರಸ್ಟಿನವರು ಕೇಳಿದರೆ ಏನೆಂದುಕೊಂಡಾರು?

“ನೋಡಮ್ಮ,” ಅಂದಳು. “ಬರೀ ಒಳ್ಳೆ ಮಾತೇ ಬಂದ್ರೆ ಅದು ನಾನು ಅಂತ ಅವಳಿಗೆ ಎಂಗೆ ಗೊತ್ತಾಗ್ಬೇಕು? ಯಾರೋ ದೇವ್ರಂಥೋಳು ಮನೇಗೆ ಬಂದವ್ಳೆ ಅನ್ಕೊಂಡು ಓಡೋಗ್ತಳೆ.”

ಪಕ್ಕದಲ್ಲಿ ಕೂತಿದ್ದ ಹುಡುಗಿ, “ಅಮ್ಮ, ‘ನಿನ್ ಬಾಯಿಗೆ ಮಣ್ಣಾಕ’ ಅನ್ನೋದೂ ಹಾಕ್ಸು,” ಅಂದಳು. ನಕ್ಕು ನಕ್ಕು ತಾಯಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ರೆಕಾರ್ಡಿಂಗ್ ನಿಲ್ಲಿಸಿದೆವು. ಬೈಗುಳಗಳಿಗೆ ಒಂದು ಪುಟವೇ ಆಯಿತು.

ರೆಕಾರ್ಡಿಂಗ್ ಸುಲಭ ಇರಲಿಲ್ಲ. ಮನೆಯ ಅರ್ಧ ಭಾಗ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಸೊಪ್ಪು ಮೇಯುವ ಚರಚರ ಸದ್ದು ಮೈಕಿಗೆ ಜೋರಾಗಿ ಹಿಡಿಯುತ್ತಿತ್ತು. ಬಾಗಿಲಿಗೆ ಕಂಬಳಿ ಕಟ್ಟಿ, ಆಕೆಯ ತಲೆ ಮೇಲೊಂದು ಕೌದಿ ಹೊದಿಸಿ, ಒಳಗೆ ಟ್ಯಾಬ್ ಹಿಡಿದುಕೊಂಡು ಮಾಡಿದೆವು. ದನಿ ಬೇಗ ದಣಿಯುತ್ತಿತ್ತು. ಬೆಳಿಗ್ಗೆ ಬಿಸಿನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಅದು ಅವಳ ದನಿಯಂತೆ ಇರುತ್ತಿತ್ತು. ಆ ಹೊತ್ತಿಗೆ ತಲುಪುವಂತೆ ನಾನು ಮಡಕಶಿರಾದಲ್ಲೇ ಉಳಿದು, ಮುಂಜಾನೆ ಸಿಕ್ಕ ಆಟೊ ಹಿಡಿದು ಹೋಗುತ್ತಿದ್ದೆ. ಆಪರೇಷನ್ ತಾರೀಕು ಹತ್ತಿರವಾದಂತೆ ದನಿ ಇನ್ನೂ ಕೆಡುತ್ತಿತ್ತು. ಕೊನೆಗೆ ರೆಕಾರ್ಡ್ ಮಾಡಿದ್ದು ಪಿಸುಮಾತು ಅಷ್ಟೇ.

ಒಂದು ಷರತ್ತು ಹಾಕಿದಳು. ಈ ದನಿ ಈ ಟ್ಯಾಬ್ ಬಿಟ್ಟು ಊರೂರು ತಿರುಗಬಾರದು. “ಬೈದಿರೋದೆಲ್ಲ ಯಾರ್ದಾರ ಮೊಬೈಲಿಗೆ ಬಂದ್ರೆ ನಮ್ಮೂರೋರು ನನ್ನ ಸುಮ್ನೆ ಬಿಡ್ತಾರಾ?” ನ್ಯಾಯವಾದ ಮಾತು. ಅದಕ್ಕೇ ಇಂಟರ್ನೆಟ್ಟಿಗೆ ಏರಿಸಲಿಲ್ಲ. ಟ್ಯಾಬಿನಲ್ಲಿ ಒಂದು ಪ್ರತಿ, ರಾಯದುರ್ಗದ ನಮ್ಮ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ. ಆಕೆ ಒಪ್ಪಿದಳು, ನಾನೂ ಒಪ್ಪಿದೆ.

ದಸರಾಕ್ಕೆ ಸ್ವಲ್ಪ ಮುಂಚೆ ಗಂಡ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ವಾರ್ಡಿನಲ್ಲಿ ಟ್ಯಾಬ್ ಕಳುವಾದೀತು ಅಂತ ಅದನ್ನು ಕೇಂದ್ರದ ಮೇಡಂ ಹತ್ತಿರ ಬಿಟ್ಟಳು. ಹುಡುಗಿಯನ್ನೂ ಮೇಡಂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆಪರೇಷನ್ ಚೆನ್ನಾಗಿ ಆಯಿತು ಅಂತ ಗಂಡ ಫೋನ್ ಮಾಡಿದ. ಜೀವ ಉಳಿಯಿತು. ಕತ್ತಿನಲ್ಲಿ ಉಸಿರಾಟಕ್ಕೊಂದು ತೂತು. ದನಿ ಇಲ್ಲ.

ಅಷ್ಟರಲ್ಲಿ ಟ್ರಸ್ಟಿನ ಅಮ್ಮನವರಿಂದ, ಅಂದರೆ ದೊಡ್ಡ ಯಜಮಾನರ ಸೊಸೆಯಿಂದ, ನನಗೆ ಕರೆ ಬಂತು.

“ಮಡಕಶಿರಾದಾಗಿನ ಟ್ಯಾಬ್ ಎಲ್ಲಾ ಆಯುಧಪೂಜೆಗೆ ತರಸಿಬಿಡವಾ. ಮಾವನೋರ ಹೆಸರಿನ ಮಿಷಿನ್ ಒಂದೂ ಪೂಜಿ ಇಲ್ಲದ ಉಳೀಬಾರ್ದು. ಮಕ್ಕಳಿಗೆ ಹೆಂಗೂ ರಜಾ ಐತಿ.”

“ಪೂಜಿ ಆದ ಮರುದಿನಾನೇ ವಾಪಸ್ ಕಳಸ್ಬೇಕ್ರೀ ಅಮ್ಮಾರ.”

“ಕಳಸ್ತೀವವಾ, ನಾವೇನು ಇಟ್ಕೊಂಡು ಉಣ್ತೀವೇನು?”

ಆ ಮನೆಯ ಪದ್ಧತಿ ಅದು. ಅವರು ಕೊಡಿಸಿದ ಯಾವ ಯಂತ್ರವೇ ಆಗಲಿ, ವರ್ಷಕ್ಕೊಮ್ಮೆ ಯೂನಿಟ್ಟಿನ ಅಂಗಳದಲ್ಲಿ ದೇವಿಯ ಮುಂದೆ ಕೂರಬೇಕು. ಹೊಲಿಗೆ ಮಿಷಿನ್ನು, ಇಸ್ತ್ರಿ ಪೆಟ್ಟಿಗೆ, ಲಾರಿ, ಕಂಪ್ಯೂಟರ್ ಎಲ್ಲವೂ. ಕೇಂದ್ರದ ಮೇಡಂ ಎಲ್ಲ ಟ್ಯಾಬ್‌ಗಳನ್ನೂ ಡಬ್ಬಿಗೆ ಹಾಕಿ ಕಳಿಸಿದರು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ನಾನೇ ತಂದೆ. ಜೀನ್ಸ್ ಚೀಲದ ಟ್ಯಾಬನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಯೂನಿಟ್ಟಿನಲ್ಲಿ ಇಳಿಸಿ ಹಬ್ಬಕ್ಕೆ ತವರಿಗೆ ಹೋದೆ.

ಹಬ್ಬ ಮುಗಿಸಿ ಬಂದಾಗ ಟ್ಯಾಬ್‌ಗಳು ಸಾಲಾಗಿ ಕೂತಿದ್ದವು. ಅರಿಶಿನ, ಕುಂಕುಮ, ಒಂದೊಂದರ ಮೇಲೂ ಚೆಂಡು ಹೂವು. ಒರೆಸಿ ಒರೆಸಿ ಫಳಫಳ ಮಾಡಿದ್ದರು. ಜೀನ್ಸ್ ಚೀಲ ಒಗೆದು ಒಣಗಿಸಿ ಇಸ್ತ್ರಿ ಮಾಡಿದ್ದರು. ನಾನು ತಾಯಿಯ ಟ್ಯಾಬ್ ತೆಗೆದು ಆನ್ ಮಾಡಿದೆ.

‘ಸುಸ್ವಾಗತ. ನಿಮ್ಮ ಭಾಷೆಯನ್ನು ಆಯ್ಕೆ ಮಾಡಿ.’

ಇನ್ನೊಂದು ಟ್ಯಾಬ್ ತೆಗೆದೆ. ಅದೂ ಹಾಗೇ. ಮತ್ತೊಂದು. ಅದೂ.

ಯೂನಿಟ್ಟಿನ ಮೆಕ್ಯಾನಿಕ್ ಟೀ ಲೋಟ ಹಿಡಿದುಕೊಂಡು ಬಂದ. ಮಿಷಿನ್ ಕೈಯಲ್ಲಿ ಮುಟ್ಟಿದರೆ ಸಾಕು, ಯಾವ ಸ್ಕ್ರೂ ಸಡಿಲ ಅಂತ ಹೇಳುವವ. ಒಳ್ಳೆಯ ಮನುಷ್ಯ.

“ಹೆಂಗ್ರೀ ಮೇಡಂ, ಹೊಸಾವು ಆದಂಗ ಆಗ್ಯಾವಲ್ಲ?”

“ಏನು ಮಾಡೀರಿ ಇವಕ್ಕ?”

“ಪೂಜಿಗೆ ಕೂಡಸೂದಕ್ಕ ಮೊದ್ಲು ಮಾಡೂದು ಮಾಡೀನ್ರಿ. ಹಳೇ ದಾರ ಇಟ್ಕೊಂಡು ಮಿಷಿನ್ ದೇವಿ ಮುಂದ ಕೂಡಂಗಿಲ್ಲಲ್ರಿ? ಬಾಬಿನ್ ಖಾಲಿ ಮಾಡಿ, ಎಣ್ಣಿ ಚೆಲ್ಲಿ, ಹೊಸಾದು ಹಾಕ್ತೀವಿ. ಇವು ಎಲ್ಲಾ ತುಂಬಿ ತುಂಬಿ ನಿಧಾನ ಆಗಿದ್ವು. ಒಳಗಿಂದೆಲ್ಲಾ ತೆಗದ್ಬಿಟ್ಟೆ.”

“ಎಲ್ಲಾ?”

“ಎಲ್ಲಾರೀ. ನೀವೂ ಹಂಗಾ ಮಾಡ್ತೀರಲ್ರಿ, ಹೊಸಾ ಮಗೂಗೆ ಕೊಡೂ ಮುಂದ? ನಿಮ್ಮನ್ನ ನೋಡೇ ಕಲ್ತೀನಿ. ಆಫೀಸಿನ ಲ್ಯಾಪ್‌ಟಾಪೂ ಭಾಳ ಸ್ಲೋ ಇತ್ತು. ಅದನ್ನೂ ಕೂಡ್ಸಿದ್ದೆ, ಅದನ್ನೂ ಸ್ವಚ್ಛ ಮಾಡೀನಿ.”

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆತನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಹೇಳುತ್ತಾ ಹೋದಂತೆ ಆತನ ಮುಖ ಬೂದಿಯಾಯಿತು. ಕೈಯಲ್ಲಿದ್ದ ಲೋಟ ನೆಲಕ್ಕಿಟ್ಟು, ಅದೇ ಕೈಯಿಂದ ಹಣೆ ಹಣೆ ಬಡಿದುಕೊಂಡ.

ಆಮೇಲೆ ನಡೆದದ್ದು ಬರೀ ಓಡಾಟ. ಅದೇ ದಿನ ಟ್ಯಾಬ್, ಲ್ಯಾಪ್‌ಟಾಪ್ ಎರಡನ್ನೂ ಎತ್ತಿಕೊಂಡು ಬಳ್ಳಾರಿಗೆ ಹೋದೆವು. ಅಳಿಸಿಹೋದದ್ದನ್ನು ವಾಪಸು ತೆಗೆಯುವ ಅಂಗಡಿ ಅಲ್ಲೊಂದಿದೆ. ಅಂಗಡಿಯವನು ಟ್ಯಾಬನ್ನು ನೋಡಿ ಅಲ್ಲೇ ಕೈ ಆಡಿಸಿದ. ಒಳಗಿನದೆಲ್ಲ ಬೀಗ ಹಾಕಿಟ್ಟ ಹಾಗೆ ಇರುತ್ತದಂತೆ, ರೀಸೆಟ್ ಮಾಡಿದರೆ ಬೀಗದ ಕೈಯೇ ಸುಟ್ಟುಹೋಗುತ್ತದಂತೆ. ಲ್ಯಾಪ್‌ಟಾಪನ್ನು ಬಿಚ್ಚಿದ. ಅದರಲ್ಲಿ ಹಳೆಯ ಕಾಲದ ತಿರುಗುವ ಡಿಸ್ಕ್ ಇದ್ದಿದ್ದರೆ ಚೂರುಪಾರಾದರೂ ಸಿಗುತ್ತಿತ್ತು. ಇದು ಚಿಪ್ ಇರುವ ಹೊಸ ಬಗೆಯದು. ಅಳಿಸು ಅಂದರೆ ತಾನೇ ಒಳಗಿಂದ ಒಳಗೆ ಒರೆಸಿಕೊಂಡುಬಿಡುತ್ತದೆ. ಎರಡು ದಿನ ಇಟ್ಟುಕೊಂಡು ಏನೇನೋ ಮಾಡಿದ. ಟ್ರಸ್ಟಿನ ಹಳೆಯ ಫೋಟೊ ಒಂದೂ ಬರಲಿಲ್ಲ. ದನಿ ಎಲ್ಲಿಂದ ಬರಬೇಕು?

ಇನ್ನು ಹಳ್ಳಿಯಲ್ಲಿ ಹುಡುಕಿದೆ. ತಾಯಿಯದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಏನೂ ಇಲ್ಲ. ನೆಂಟರ ವಾಟ್ಸಾಪ್, ಅಕ್ಕಪಕ್ಕದವರ ಮೊಬೈಲು ಎಲ್ಲ ತಡಕಾಡಿಸಿದೆ. ಪಕ್ಕದ ಮನೆಯ ಹೆಂಗಸಿನ ಫೋನಿನಲ್ಲಿ ಒಂದು ನಾಮಕರಣದ ವಿಡಿಯೊ ಸಿಕ್ಕಿತು. ಊಟದ ಪಂಕ್ತಿ, ಮೈಕಿನಲ್ಲಿ ತೆಲುಗು ಹಾಡು. ಅದರ ನಡುವೆ ಈ ತಾಯಿ ಬಡಿಸಿಕೊಂಡು ಹೋಗುತ್ತಾ ಯಾರಿಗೋ ಅನ್ನುತ್ತಾಳೆ: “ಇನ್ನೊಂದ್ ಮುದ್ದೆ ಹಾಕ್ಲಾ?” ಅಷ್ಟೇ. ಗಟ್ಟಿ, ತುಂಬಿದ ದನಿ. ಕಾಯಿಲೆಗೆ ಮುಂಚಿನದು.

ಅದನ್ನೇ ಬೆಂಗಳೂರಿನ ಒಂದು ಕಂಪನಿಗೆ ಕಳಿಸಿದೆ. ಒಬ್ಬರ ದನಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿಸುವವರು. ಮಾದರಿ ತೀರಾ ಸಣ್ಣದು, ಹಾಡು ಬೇರೆ ಬೆರೆತಿದೆ ಅಂದರು. ಆದರೂ ಏನೋ ಮಾಡಿ ಕಳಿಸಿದರು. ಕೇಂದ್ರದಲ್ಲಿ ಹುಡುಗಿಗೆ ಕೇಳಿಸಿದೆವು. ‘ಮಗಳೇ, ಊಟ ಮಾಡು’ ಅಂತ ನುಣುಪಾಗಿ ಬಂತು.

“ಯಾರಿದು?” ಅಂದಳು ಹುಡುಗಿ. “ಬ್ಯಾಂಕಿನೋರಾ?”

ಮೇಡಂ ತಮ್ಮ ದನಿಯಲ್ಲಿ ರೆಕಾರ್ಡ್ ಮಾಡುತ್ತೇನೆ ಅಂದರು. ಅದಕ್ಕೂ ಆ ಹುಡುಗಿ ಬೇಡ ಅಂತ ತಲೆ ಆಡಿಸಿದಳು. “ಮೇಡಂ ಸ್ಕೂಲಾಗೆ ಇರ್ಲಿ. ಮನೇಗೆ ಬ್ಯಾಡ.” ಕೊನೆಗೆ ಆ ವಿಡಿಯೊದ ತುಣುಕು ಕೇಳಿಸಿದೆ. ಗಕ್ಕನೆ ಎದ್ದು ನಿಂತಳು. ಇನ್ನೊಮ್ಮೆ ಹಾಕು ಅಂದಳು. ಇನ್ನೊಮ್ಮೆ. ಆಮೇಲೆ ಕೂತು, “ಅದು ಅಮ್ಮಾನೇ. ಆದ್ರೆ ಬ್ಯಾರೆಯೋರಿಗೆ ಏಳ್ತಾವ್ಳೆ. ನಂಗಲ್ಲ,” ಅಂದಳು.

ತಾಯಿ ಆಸ್ಪತ್ರೆಯಿಂದ ಬಂದ ಮೇಲೆ ಹೇಳಬೇಕಾಗಿ ಬಂತು. ಮೆಕ್ಯಾನಿಕ್ ನಾನೂ ಬರುತ್ತೇನೆ ಅಂತ ಹಟ ಹಿಡಿದ. ನಾನು ಬೇಡ ಅಂದರೂ ಕೇಳಲಿಲ್ಲ. ಹುಡುಗಿ ಇನ್ನೂ ಮೇಡಂ ಮನೆಯಲ್ಲೇ ಇದ್ದಳು. ತಾಯಿ ಗೋಡೆಗೆ ಒರಗಿ ಕೂತಿದ್ದಳು, ಕತ್ತಿಗೆ ತೆಳುವಾದ ಬಟ್ಟೆ. ನನ್ನನ್ನು ನೋಡಿದ ಕೂಡಲೇ ಟ್ಯಾಬಿಗೆ ಕೈ ಚಾಚಿದಳು. ನಾನು ಹೇಳುವ ಮೊದಲೇ ಆನ್ ಮಾಡಿ, ಪರದೆಯ ಮೇಲಿನ ಎಡಮೂಲೆ ಒತ್ತಿದಳು. ‘ಇಲ್ಲೇ ಇದೀನಿ’ ಇದ್ದ ಜಾಗ. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ನನ್ನ ಮುಖ ನೋಡಿದಳು.

ನಾನು ಹೇಳಿದೆ. ಸುತ್ತಿಬಳಸದೆ ಹೇಳಿದೆ. ಮೆಕ್ಯಾನಿಕ್ ಹೊಸ್ತಿಲ ಹೊರಗೆ ಕೈ ಮುಗಿದು ನಿಂತಿದ್ದ. “ತಪ್ಪು ನಂದು ತಾಯಿ. ಬೈರಿ. ಏನು ಬಂದದ್ದು ಬೈರಿ,” ಅಂದ.

ಅವಳ ಬಾಯಿ ತೆರೆಯಿತು. ತುಟಿ ಆಡಿತು. ಕತ್ತಿನ ತೂತಿನಿಂದ ಬುಸ್ ಬುಸ್ ಅಂತ ಗಾಳಿ ಬಂತು, ಅಷ್ಟೇ. ಊರಿಗೇ ಕೇಳುವ ಹಾಗೆ ಬೈಯುತ್ತಿದ್ದ ಹೆಂಗಸು. ಆತ ಬೈಸಿಕೊಳ್ಳಲು ಕಾಯುತ್ತಲೇ ನಿಂತಿದ್ದ. ನಾನು ಆ ಕಡೆ ನೋಡಲಾರದೆ ಹುಳುವಿನ ತಟ್ಟೆ ನೋಡುತ್ತಾ ಕೂತೆ. ಖಾಲಿ ಇದ್ದವು. ಆ ಸಲ ಹುಳು ಸಾಕಿರಲಿಲ್ಲ.

ಕತ್ತಿಗೆ ಹಿಡಿದು ಮಾತಾಡುವ ಯಂತ್ರ ಒಂದಿದೆ ಅಂತ ಆಸ್ಪತ್ರೆಯವರು ಹೇಳಿದ್ದರು. ಕರೆಂಟು ಇಡುವ ಚಿಕಿತ್ಸೆ, ಅಂದರೆ ರೇಡಿಯೇಷನ್, ಮುಗಿದು ಗಾಯ ಆರಿದ ಮೇಲೆ ನೋಡೋಣ ಅಂದಿದ್ದರು. ಅಲ್ಲಿವರೆಗೆ?

ಟ್ರಸ್ಟಿನ ಅಮ್ಮನವರು ಅತ್ತರು. ನಿಜವಾಗಿಯೂ ಅತ್ತರು. “ಏನು ಬೇಕೋ ಕೊಡಸವಾ, ಎಷ್ಟು ದೊಡ್ಡ ಮಿಷಿನ್ ಬೇಕಾದ್ರೂ,” ಅಂದರು. ಕೊಡಿಸುವಂಥದ್ದು ಏನೂ ಇರಲಿಲ್ಲ. ನಾನು ಕೆಲಸ ಬಿಡುತ್ತೇನೆ ಅಂತ ಮನಸ್ಸಿನಲ್ಲೇ ನಿರ್ಧರಿಸಿಕೊಂಡು, ಹುಡುಗಿಯನ್ನು ಅವಳ ಮನೆಗೆ ಬಿಟ್ಟು ಬರೋಣ ಅಂತ ಕೊನೆಯ ಸಲ ಮಡಕಶಿರಾಕ್ಕೆ ಹೋದೆ.

ಆಟೊದಲ್ಲಿ ಅರ್ಧ ದಾರಿಗೆ ಹುಡುಗಿ ಕೇಳಿದಳು.

“ಆಂಟಿ, ಅದ್ರಾಗೆ ಏನೇನು ಇತ್ತು ಅಂತ ನಿಮ್ಗೆ ಗ್ಯಾಪ್ಕ ಐತಾ?”

“ಐತಿ, ಸ್ವಲ್ಪ.”

“ನಂಗೆ ಎಲ್ಲಾ ಐತೆ. ನಾನೇ ಏಳ್ತೀನಿ. ಅಮ್ಮ ಎಂಗಂತಳೋ ಅಂಗೇ ಅಂತೀನಿ. ಅದ್ನೇ ಹಾಕಿ.”

“ಅದು ನಿನ್ನ ದನಿ ಆಗ್ತದಲ್ಲವಾ?”

“ಬ್ಯಾಂಕಿನೋರ್ದಕ್ಕಿಂತ ವಾಸಿ,” ಅಂದಳು.

ತಾಯಿಗೆ ಹೇಳಿದಾಗ ಎರಡೂ ಕೈ ಆಡಿಸಿ ಬೇಡವೇ ಬೇಡ ಅಂದಳು. ಹುಡುಗಿಗೆ ಅದು ಕಾಣಲಿಲ್ಲ. ಅವಳು ಆಗಲೇ ಕೌದಿ ಎಳೆದುಕೊಂಡು ತಲೆ ಮೇಲೆ ಹಾಕಿಕೊಂಡಿದ್ದಳು. ಒಳಗಿಂದ ಶುರು ಮಾಡಿದಳು: “ಚಪ್ಪಲಿ ಮೆಟ್ಕೊ, ಮುಳ್ಳೈತೆ! ಎಷ್ಟು ಸಲ ಏಳ್ಬೇಕು ನಿಂಗೆ?” ಅದೇ ಎಳೆತ. ‘ಸಲ’ದ ಮೇಲೆ ಅದೇ ಒತ್ತು. ಮಾತಿನ ಕೊನೆಗೆ ನಾಲಿಗೆ ಲೊಚಗುಟ್ಟುವುದು ಕೂಡ. ದನಿ ಮಾತ್ರ ಎಳೆಯದು.

ತಾಯಿಯ ಕೈ ಗಾಳಿಯಲ್ಲೇ ನಿಂತಿತು. ನಕ್ಕಳು. ಮೈಯೆಲ್ಲ ಕುಲುಕಿತು, ಸದ್ದು ಇಲ್ಲ.

ಕೌದಿಯೊಳಗಿನಿಂದ ಪ್ರಶ್ನೆ: “ಸರಿಗೈತಾ? ಅಮ್ಮ ಏನಂತಾಳೆ?”

“ನಿಮ್ಮಮ್ಮ ನಗಾಕತ್ಯಾಳ,” ಅಂದೆ.

“ಸುಳ್ಳು.”

ತಾಯಿ ಮಗಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅದು ಇನ್ನೂ ಕುಲುಕುತ್ತಿತ್ತು. ಅಲ್ಲಿಂದ ಮುಂದೆ ಕೆಲಸ ನಡೆಯಿತು. ಸರಿ ಇದ್ದರೆ ತಾಯಿ ಮಗಳ ಬೆನ್ನು ತಟ್ಟುವಳು, ತಪ್ಪಿದ್ದರೆ ಕಿವಿ ಹಿಂಡುವಳು. ಕೆಲವು ಮಾತನ್ನು ಹುಡುಗಿ ಐದಾರು ಸಲ ಹೇಳಬೇಕಾಯಿತು. ‘ಇಲ್ಲೇ ಇದೀನಿ’ ಬಂದಾಗ ಮಾತ್ರ ತಾಯಿ ಬೆನ್ನೂ ತಟ್ಟಲಿಲ್ಲ, ಕಿವಿಯನ್ನೂ ಹಿಂಡಲಿಲ್ಲ. ಹುಡುಗಿಯೇ ಕಾದು ಕಾದು, “ಇದು ಆಯ್ತು ಬಿಡಿ ಆಂಟಿ, ಮುಂದಿಂದು,” ಅಂದಳು. ಈ ಸಲ ತಾಯಿಯ ಕೈ ಹಿಡಿದು ಕೇಳಿ, ಒಪ್ಪಿಸಿಯೇ, ಇನ್ನೂ ಎರಡು ಕಡೆ ಪ್ರತಿ ಇಟ್ಟೆ.

ಕೆಲಸ ಬಿಡಲಿಲ್ಲ. ಬಿಟ್ಟರೆ ಆ ಟ್ಯಾಬ್ ನೋಡಿಕೊಳ್ಳುವವರು ಯಾರು?

ಮೊನ್ನೆ ಹೋಗಿದ್ದೆ. ಊಟದ ಹೊತ್ತು. ಹುಡುಗಿ ಮುದ್ದೆ ಮುರಿಯುತ್ತಾ ನನ್ನ ಕಡೆ ತಿರುಗಿದಳು.

“ಆಂಟಿ, ದೊಡ್ಡೋಳಾದ್ಮೇಲೆ ನನ್ನ ದನಿ ಬದಲಾಗ್ತದಂತೆ, ಮೇಡಂ ಅಂದ್ರು.”

“ಹೌದವಾ, ಎಲ್ಲಾರ್ದೂ ಆಗ್ತದ.”

“ಆವಾಗ ನಾನು ದೊಡ್ಡೋಳಾಗಿರ್ತೀನಿ. ಅಮ್ಮ ಮಾತ್ರ ಇಷ್ಟೇ ಇರ್ತಳಾ? ಚಿಕ್ಕುಡುಗಿ ಥರ?”

ತಾಯಿ ಸೆರಗಿನಿಂದ ಪರದೆ ಒರೆಸಿ, ಒಂದು ಚಿತ್ರ ಹುಡುಕಿ ಒತ್ತಿದಳು. ಮಗಳ ಎಳೆಯ ದನಿ ಜೋರಾಗಿ ಬಂತು: ‘ಮಾತು ಸಾಕು, ಉಣ್ಣು. ಸಾರು ಆರೋಗ್ತೈತೆ.’

“ಉಣ್ತಿದೀನಲ್ಲಮ್ಮ,” ಅಂದು ಹುಡುಗಿ ತಟ್ಟೆಗೆ ಕೈ ಹಾಕಿದಳು.

ತಾಯಿ ಅಳುತ್ತಿದ್ದಳು. ಅದಕ್ಕೆ ನಾವು ಯಾವ ಚಿತ್ರವನ್ನೂ ಇಟ್ಟಿರಲಿಲ್ಲ.